ಶ್ಯಾಮಲಮ್ಮ ಓದದೆ ಬಿಟ್ಟ ಅಡಿಟಿಪ್ಪಣಿ

ಶಿಡ್ಲಘಟ್ಟದ ಕಾಲೇಜೊಂದರ ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಶ್ಯಾಮಲಮ್ಮನದೇ ದರ್ಬಾರು. ಪುಸ್ತಕಗಳ ಜೊತೆಗೆ ಈಗ ಕಂಪ್ಯೂಟರಿನೊಳಗೆ ಡೇಟಾಬೇಸುಗಳೂ ಬಂದಿವೆ. ಬೆಲೆ, ಉತ್ಪಾದನೆ, ಕಂಪನಿಗಳ ವರದಿ, ಕೇಳಿದ್ದೆಲ್ಲ ಹುಡುಕಿಕೊಡುವ ಕಣಜಗಳು. ಎಂ.ಕಾಂ. ಮಕ್ಕಳು ಬಂದವರೇ ಕೀಬೋರ್ಡಿಗೆ ಕೈಹಾಕಿದರೆ ಆಕೆ ಬಿಡುವುದಿಲ್ಲ. ಏನು ಬೇಕೆಂದು ಮೊದಲು ಕನ್ನಡದಲ್ಲಿ ಒಂದೇ ವಾಕ್ಯದಲ್ಲಿ ಬಾಯಿಬಿಟ್ಟು ಹೇಳಬೇಕು. ಅಂಕಿ ಸಿಕ್ಕಮೇಲೆ ಅಡಿಟಿಪ್ಪಣಿ ಓದಬೇಕು. ಓದದವರಿಗೆ ಪ್ರಿಂಟ್ ಇಲ್ಲ. ಬೆನ್ನ ಹಿಂದೆ ಹುಡುಗರು ‘ಅಡಿಟಿಪ್ಪಣಿ ಮೇಡಂ’ ಅನ್ನುವುದು ಆಕೆಗೆ ಗೊತ್ತು, ಒಳಗೊಳಗೇ ಖುಷಿಯೂ ಇದೆ.

ಇಂಥವಳೇ ಈ ಸಲ ಎಡವಿದ್ದು. ರೇಷ್ಮೆಗೂಡಿನ ಬೆಲೆಯ ಮೇಲೆ ಪ್ರಬಂಧ ಬರೆಯುತ್ತಿದ್ದ ತನುಜ ಹತ್ತು ವರ್ಷದ ಪಟ್ಟಿ ಕೇಳಿದಾಗ ಶ್ಯಾಮಲಮ್ಮ ತಾನೇ ಕೂತು ತೆಗೆದುಕೊಟ್ಟಿದ್ದಳು. ತಾನೂ ರೇಷ್ಮೆಹುಳು ಮೇಯಿಸಿದ ಮನೆಯ ಮಗಳು. ಗೂಡಿನ ವಿಷಯ ತನಗೆ ಯಾರು ಹೇಳಿಕೊಡಬೇಕು ಎಂಬ ಠೇಂಕಾರ ಬೇರೆ.

ಶುಕ್ರವಾರ ಮೌಖಿಕ ಪರೀಕ್ಷೆ. ಮಂಗಳವಾರ ತನುಜ ಸಪ್ಪೆ ಮುಖ ಹೊತ್ತು ಬಂದಳು. ಅವಳ ಅಪ್ಪ ಕೋನಪ್ಪ ಮೂವತ್ತು ವರ್ಷದಿಂದ ಫಿಲೇಚರ್ ಕಾರ್ಖಾನೆಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುವವರು. ಮಗಳು ಬರೆದ ಬೆಲೆಯ ನಕ್ಷೆ ನೋಡಿ, ನಾವು ಬೇಯಿಸೋ ಗೂಡು ಈ ಬೆಲೆಗೆ ಯಾವತ್ತೂ ಹೋಗಿಲ್ಲವಲ್ಲ ಅಂದರಂತೆ.

“ಇದು ಬಿಳಿ ಗೂಡಿನ ರೇಟಂತೆ ಮೇಡಂ. ನಾನು ಬರ್ದಿರೋದೆಲ್ಲ ಹಳದಿ ಗೂಡಿನ ಮೇಲೆ.”

ಶ್ಯಾಮಲಮ್ಮ ಪಟ್ಟಿ ತೆರೆದಳು. ಕೆಳಗೆ ಸಣ್ಣ ಅಕ್ಷರದಲ್ಲಿ ಸ್ಪಷ್ಟವಾಗಿತ್ತು: ದ್ವಿತಳಿ ಗೂಡು ಮಾತ್ರ. ದ್ವಿತಳಿಯೆಂದರೆ ಬಿಳಿಯದು, ಬೆಲೆ ಹೆಚ್ಚು. ಆಕೆಯ ತವರಿನಲ್ಲಿ ಬೆಳೆದದ್ದು ಹಳದಿ ಮಿಶ್ರತಳಿ. ಗೂಡೆಂದರೆ ಅದೇ ಎಂದುಕೊಂಡ ಕಣ್ಣು ಕೆಳಗಿಳಿದೇ ಇರಲಿಲ್ಲ. ಆಕೆಗೆ ನಾಚಿಕೆಯಾಯಿತು.

“ತಪ್ಪು ನಂದು ಕಣಮ್ಮ. ಓದ್ದೆ ಕೊಟ್ಬಿಟ್ಟೆ.”

ಆ ಕೋಣೆಯಲ್ಲಿ ಅಂಥ ಮಾತು ಕೇಳಿಬಂದದ್ದು ಅದೇ ಮೊದಲು.

ಇಬ್ಬರೂ ಮತ್ತೆ ಕೂತರು. ತಳಿ ಬದಲಿಸಿ, ಶಿಡ್ಲಘಟ್ಟದ ಮಾರುಕಟ್ಟೆಯನ್ನೇ ಆರಿಸಿ ಹುಡುಕಿದರು. ಒಂದೊಂದು ವರ್ಷದ ಅಂಕಿಯನ್ನೂ ತನುಜ ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದಳು. ಆ ಕಡೆಯಿಂದ ಹೂಂ ಅಂದರೆ ಮಾತ್ರ ಮುಂದಿನದು. ಒಂದು ವರ್ಷಕ್ಕೆ ಹೂಂ ಬರಲಿಲ್ಲ. ನೋಡಿದರೆ ತನುಜ ಪಕ್ಕದ ಸಾಲಿನ ಅಂಕಿ ಓದಿದ್ದಳು. ಗುರುವಾರದ ಹೊತ್ತಿಗೆ, ಬೆಲೆ ಗಗನಕ್ಕೇರಿದೆ ಎಂದಿದ್ದ ಅಧ್ಯಾಯ ಅಷ್ಟೇನೂ ಏರಿಲ್ಲ ಎಂದು ಬದಲಾಗಿತ್ತು.

ಪರೀಕ್ಷೆಯ ದಿನ ಶ್ಯಾಮಲಮ್ಮ ಆ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ತನ್ನಿಂದಾಗಿ ಹುಡುಗಿ ಫೇಲಾದರೆ ಎಂಬ ಅಂಜಿಕೆ. ಹೊರಗಿನಿಂದ ಬಂದ ಪರೀಕ್ಷಕರು ಬೆಲೆಯ ಪಟ್ಟಿಯ ಪುಟದಲ್ಲಿ ನಿಂತು, ಕೆಳಗಿನ ಸಣ್ಣ ಅಕ್ಷರವನ್ನು ಗಟ್ಟಿಯಾಗಿ ಓದಿದರು: ‘ಈ ಅಂಕಿಗಳು ಮಿಶ್ರತಳಿ ಗೂಡಿನವು. ಮೊದಲಿನ ತಪ್ಪನ್ನು ಕಂಡುಹಿಡಿದವರು ನೂಲು ತೆಗೆಯುವ ಕೋನಪ್ಪ.’ ಯಾರಿವರು ಎಂದು ಕೇಳಿದರು.

“ನಮ್ಮಪ್ಪ ಸರ್,” ಅಂದಳು ತನುಜ.

ಪರೀಕ್ಷಕರು ನಕ್ಕರು. ಮತ್ತೆ ಆ ಪಟ್ಟಿಯ ಬಗ್ಗೆ ಪ್ರಶ್ನೆ ಕೇಳಲಿಲ್ಲ. ತನುಜ ಪಾಸಾದಳು.

ಪ್ರಬಂಧದ ಒಂದು ಪ್ರತಿ ಗ್ರಂಥಾಲಯಕ್ಕೆ ಬಂದಾಗ ಶ್ಯಾಮಲಮ್ಮ ಕೋನಪ್ಪನವರನ್ನು ಕರೆಸಿ ತನ್ನ ಕುರ್ಚಿಯಲ್ಲೇ ಕೂರಿಸಿದಳು. ಅವರು ಸಂಕೋಚದಿಂದ, ಬಿಸಿನೀರಿಗೆ ಸುಕ್ಕುಗಟ್ಟಿದ ಬೆರಳನ್ನು ಬೆಲೆಪಟ್ಟಿಯ ಪುಟದ ಮೇಲ್ತುದಿಗೆ ಇಟ್ಟರು.

“ಕೆಳಗಿಂದ್ಲೇ ಓದಿ ಕೋನಪ್ನೋರೆ,” ಅಂದಳು ಶ್ಯಾಮಲಮ್ಮ. “ಇಲ್ಲಿ ಅದೇ ರೂಲ್ಸು.”