ಡಾಕ್ಟರ್ ಅಂಕಲ್ ಹೇಳುತ್ತಿದ್ದ ಸುಳ್ಳುಗಳು

ಮೊನ್ನೆ ಮಗಳ ಶಾಲೆಯವರು ಕೊಟ್ಟ ಸಪ್ಲೈ ಲಿಸ್ಟ್ ಹಿಡಿದು ಅಂಗಡಿಯಲ್ಲಿ ನಿಂತಿದ್ದಾಗ ಯಾವುದೋ ಮಗು ವೈಟ್‌ಬೋರ್ಡ್ ಮಾರ್ಕರ್‌ನ ಮುಚ್ಚಳ ತೆಗೆದು, ಮೂಸಿ, ಹಾಗೇ ಬಿಟ್ಟು ಹೋಯಿತು. ಆ ಘಾಟಿಗೆ ಡುಲುತ್‌ನ ಒಂದು ಬೇಸ್‌ಮೆಂಟ್ ನೆನಪಾಯಿತು. ಅಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ ಡಾಕ್ಟರ್ ಅಂಕಲ್ ನೆನಪಾದರು...

ನಮಗೇನೂ ನೆಂಟರಲ್ಲ. ನಾನು ಹುಟ್ಟುವ ಮೊದಲೇ ಮೈಸೂರಿನಿಂದ ಅಮೆರಿಕಕ್ಕೆ ಬಂದವರು. ರಿಟೈರ್ ಆದ ಮೇಲೆ ಮನೆಯಲ್ಲೇ ಹತ್ತು ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. ಅವರದೊಂದು ಚಾಳಿ ಇತ್ತು. ಪಾಠದ ನಡುವೆ ಬೇಕಂತಲೇ ಒಂದು ಸುಳ್ಳು ಹೇಳುವರು. ಕಾವೇರಿ ಹೋಗಿ ಅರಬ್ಬೀ ಸಮುದ್ರ ಸೇರುತ್ತದೆ ಎಂದು ಹೇಳಿ ಏನೂ ತಿಳಿಯದವರ ಹಾಗೆ ನಿಲ್ಲುವರು. "ತಪ್ಪು, ಅಂಕಲ್!" ಎಂದು ಮೊದಲು ಕೂಗಿದವರಿಗೆ ಕೈಮುಗಿದು, "ಕ್ಷಮಿಸಿ ಮೇಡಂ, ತಿದ್ಕೋತೀನಿ" ಎನ್ನುವರು. ಒಂಬತ್ತು ವರ್ಷದ ನನ್ನ ಮಗಳಿಗೆ ಅವರ ಕೈಲಿ ಮೇಡಂ ಅನ್ನಿಸಿಕೊಳ್ಳುವ ಹುಚ್ಚು ಹಿಡಿದಿತ್ತು. ನಾನೂ ಮೆಟ್ಟಿಲ ಮೇಲೆ ಕೂತು ನಗುತ್ತಿದ್ದೆ.

ಆಮೇಲೆ ಅವಳ ಶಾಲೆಯಿಂದ ಈಮೇಲ್ ಬಂತು. ಯಾರೋ ಹಾಲಿನ ಡಬ್ಬಿ ಎಸೆದಿದ್ದಕ್ಕೆ ಇಡೀ ಕ್ಲಾಸಿಗೆ ಒಂದು ವಾರ ಸೈಲೆಂಟ್ ಲಂಚ್. ಊಟ ಮುಗಿಯುವವರೆಗೆ ಒಬ್ಬರೂ ತುಟಿಪಿಟಕ್ಕೆನ್ನುವಂತಿಲ್ಲ. ಇವಳು ಕೈ ಎತ್ತಿ, ಎಸೆಯದವರಿಗೂ ಯಾಕೆ ಶಿಕ್ಷೆ ಎಂದು ಕೇಳಿದ್ದಳು. ಹೇಳಿದಂತೆ ಕೇಳುವುದನ್ನು ಮನೆಯಲ್ಲಿ ಸ್ವಲ್ಪ ಕಲಿಸಿ ಎಂದು ಟೀಚರ್ ಎರಡು ಸಾಲು ಬರೆದಿದ್ದರು.

ಆ ಎರಡು ಸಾಲನ್ನು ಮತ್ತೆ ಮತ್ತೆ ಓದಿದೆ. ಗಂಡನ ವೀಸಾ ರಿನ್ಯೂವಲ್‌ಗೆ ಹೋಗಿತ್ತು, ಗ್ರೀನ್ ಕಾರ್ಡಿನ ಕ್ಯೂ ಹನುಮಂತನ ಬಾಲ. ನಾಲ್ಕನೇ ಕ್ಲಾಸಿನ ಹುಡುಗಿಯ ಊಟಕ್ಕೂ ವೀಸಾಗೂ ಏನು ಸಂಬಂಧ, ಅದೂ ಇಲ್ಲೇ ಹುಟ್ಟಿದವಳಿಗೆ, ಎಂದು ಈಗ ಯಾರಾದರೂ ಕೇಳಿದರೆ ನನಗೇ ನಾಚಿಕೆ. ಆಗ ಮಾತ್ರ ಎಲ್ಲೋ ಒಂದು ಫೈಲಿನಲ್ಲಿ ನಮ್ಮ ಹೆಸರು ಬರೆದುಕೊಂಡುಬಿಟ್ಟರು ಎಂದೇ ಅನ್ನಿಸಿತ್ತು. ಅವಳ ಕೈಲಿ ಕ್ಷಮಾಪಣೆ ಪತ್ರ ಬರೆಸಿದೆ.

"ಬಟ್ ಐ ವಾಸ್ ರೈಟ್, ಅಮ್ಮ" ಎಂದಳು.

"ಎದುರು ಮಾತಾಡ್ಬೇಡ. ದೊಡ್ಡವರು ಹೇಳಿದ್ಮೇಲೆ ಮುಗೀತು" ಎಂದೆ.

ಭಾನುವಾರ ಮಕ್ಕಳೆದುರಿಗೇ ಡಾಕ್ಟರ್ ಅಂಕಲ್ ಮೇಲೆ ಹರಿಹಾಯ್ದೆ. "ನೀವು ಸಿಟಿಜನ್ ಅಂಕಲ್, ಏನ್ ಬೇಕಾದ್ರೂ ಕಲಿಸ್ತೀರ. ನಾವು ತಲೆ ತಗ್ಗಿಸ್ಕೊಂಡು ಇರೋರು."

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಿಮ್ಮ ಹೆದರಿಕೆ ಸುಳ್ಳು ಅನ್ನಲ್ಲಮ್ಮ. ನಾನೂ ಹೆದರ್ಕೊಂಡೇ ಇದ್ದವನು. ಆದ್ರೆ ಅದನ್ನ ಮಗು ತಲೆಗೆ ಕಟ್ಟಬೇಡಿ" ಎಂದರು. ನಾನು ಮಗಳ ಕೈ ಹಿಡಿದು ಎಳೆದುಕೊಂಡು ಬಂದೆ. ಮತ್ತೆ ಕಳಿಸಲಿಲ್ಲ. ಮರುವರ್ಷ ಅವರು ತೀರಿಕೊಂಡರೆಂದು ವಾಟ್ಸಾಪ್‌ನಲ್ಲಿ ಬಂತು... ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಹೋಗಲೂ ಇಲ್ಲ.

ಮಗಳು ಬಲು ಒಳ್ಳೆಯವಳಾದಳು. ಶಾಲೆಯಿಂದ ಒಂದು ದೂರಿಲ್ಲ, ನಾನೂ ಹೋದಲ್ಲೆಲ್ಲ ಹೇಳಿಕೊಂಡು ಬೀಗಿದೆ. ಮಿಡ್ಲ್ ಸ್ಕೂಲಿಗೆ ಹೋದ ಮೇಲೆ, ಕಳೆದ ಏಪ್ರಿಲ್‌ನಲ್ಲಿ, ಜಿಮ್ ಕ್ಲಾಸಿನಲ್ಲಿ ಕಾಲು ಹೊರಳಿ ಬಿದ್ದಳು. ಕೋಚ್ ಎದ್ದು ಓಡು ಎಂದರಂತೆ. ಇನ್ನೂ ಮೂರು ಸುತ್ತು ಓಡಿದ್ದಾಳೆ. ಅರ್ಜೆಂಟ್ ಕೇರ್‌ನಲ್ಲಿ ಎಕ್ಸ್‌ರೇ ತೆಗೆದು, ಪಾದದ ಮೂಳೆ ಮುರಿದಿದೆ ಎಂದರು.

"ನೋವಾಗ್ತಿದೆ ಅಂತ ಯಾಕೆ ಹೇಳ್ಲಿಲ್ಲ ಪುಟ್ಟಾ?"

"ಕೋಚ್ ಸೆಡ್ ರನ್. ಯೂ ಸೆಡ್ ಡೋಂಟ್ ಆರ್ಗ್ಯೂ."

ಅಲ್ಲೇ, ನರ್ಸ್ ಎದುರಿಗೇ ಅತ್ತುಬಿಟ್ಟೆ. ಮೂಳೆ ಆರು ವಾರಕ್ಕೆ ಕೂಡಿತು. ನಾನು ಮಾಡಿಟ್ಟದ್ದನ್ನು ಸರಿ ಮಾಡುವುದು ಹೇಗೆಂದು ಕೇಳೋಣವೆಂದರೆ ಡಾಕ್ಟರ್ ಅಂಕಲ್ ಇಲ್ಲ.

ನಾಳೆ ಶಾಲೆ ಶುರು. ಈಗ ತಾನೆ ಅವಳ ರೂಮಿಗೆ ಹೋಗಿ ಮಂಚದ ಅಂಚಿಗೆ ಕೂತು ಹೇಳಿದೆ: "ನೋಡು, ಇನ್ಮೇಲೆ ನಿಂಗೆ ಸರಿ ಅನ್ನಿಸ್ದಿದ್ರೆ ಕೇಳ್ಬೇಕು. ಟೀಚರ್ ಆಗ್ಲಿ, ಕೋಚ್ ಆಗ್ಲಿ, ನಾನೇ ಆಗ್ಲಿ."

"ಓಕೆ, ಅಮ್ಮ" ಎಂದಳು, ತಕ್ಷಣ. ಯಾಕೆ ಎಂದು ಕೇಳಲಿಲ್ಲ.