ಮೂರು ಕಂಪನಿಗಳ ಮುದ್ದಕ್ಕ

ನನ್ನ ಸೋದರತ್ತೆ ಮುದ್ದಕ್ಕ ಮೂರು ಕಂಪನಿಗಳ ಡೈರೆಕ್ಟರ್ ಎಂದು ನನಗೆ ಗೊತ್ತಾದದ್ದು ಕಂಪ್ಯೂಟರಿನಿಂದ. ಮದಕರಿಪುರದ ಅವಳ ಮನೆಯಲ್ಲೇ ಇದ್ದುಕೊಂಡು ಪಿಎಚ್‌ಡಿ ಮಾಡುತ್ತಿದ್ದೇನೆ, ಅವಳು ಕಟ್ಟಿದ ಮುದ್ದೆಯನ್ನು ದಿನಾ ಎರಡು ಹೊತ್ತು ಉಣ್ಣುತ್ತೇನೆ. ಆದರೂ ಅವಳು ಒಂದು ದಿನ ಬಾಯಿ ಬಿಟ್ಟಿದ್ದರೆ ಕೇಳಿ!

ನನ್ನ ಕೆಲಸ ಇಷ್ಟೇ. ರೈತರೇ ಸೇರಿ ಕಟ್ಟಿದ ಕಂಪನಿಗಳ ಆಡಳಿತ ಮಂಡಳಿಯ ಪಟ್ಟಿಗಳನ್ನು ತಂದು ಸಂಖ್ಯಾಶಾಸ್ತ್ರದ ಸಾಫ್ಟ್‌ವೇರಿಗೆ ಹಾಕುವುದು. ಒಂದೊಂದು ಕಂಪನಿಗೆ ಒಂದೊಂದು ಚುಕ್ಕಿ. ಒಬ್ಬರೇ ಎರಡು ಮಂಡಳಿಗಳಲ್ಲಿದ್ದರೆ ಆ ಚುಕ್ಕಿಗಳ ನಡುವೆ ಗೆರೆ. ಯಾರನ್ನು ತೆಗೆದರೆ ಎಷ್ಟು ಗೆರೆಗಳು ಕಡಿದುಹೋಗುತ್ತವೆ ಎಂದು ಅದು ಅಳೆದು ಹೇಳುತ್ತದೆ. ಚಿತ್ರದುರ್ಗದ ಕುರಿ ಕಂಪನಿ, ಹೊಸದುರ್ಗದ ಉಣ್ಣೆ ಕಂಪನಿ, ಹಿರಿಯೂರಿನ ತೆಂಗಿನ ಕಂಪನಿ, ಮೂರನ್ನೂ ಹಿಡಿದು ನಿಲ್ಲಿಸಿದ್ದು ಒಂದೇ ಹೆಸರು. ವಿಳಾಸ ನೋಡಿದರೆ ನಮ್ಮದೇ ಮನೆ.

“ಏನತ್ತೆ ಇದು?” ಎಂದೆ.

“ಹೂಂ ಕಣೆ, ಮಂಡಳಿಯಾಗೆ ಹೆಣ್ಮಕ್ಳು ಒಬ್ರು ಇರ್ಬೇಕಂತೆ. ನಮ್ದು ಕುರಿ ಐತೆ, ಉಣ್ಣೆ ಐತೆ, ತವರಿನ ತೆಂಗಿನ ತೋಟದಾಗೆ ಪಾಲು ಐತೆ. ಮೀಟಿಂಗ್ ಪುಸ್ತಕ ಮನೆಗೇ ತರ್ತಾರೆ, ಸೈನ್ ಹಾಕ್ತೀನಿ. ಚಾ ಕುಡ್ದು ಹೋಗ್ತಾರೆ.”

ನನ್ನ ಗೈಡ್ ಕನಕರಾಜ್ ಸರ್ ಇದನ್ನು ಕೇಳಿ ನಕ್ಕುಬಿಟ್ಟರು. “ಸೈನ್ ಹಾಕೋದು ಸಂಬಂಧ ಅಲ್ಲಮ್ಮ ಮೀನಾಕ್ಷಿ. ಒಂದು ಮಂಡಳಿಯ ವಿಷಯ ಇನ್ನೊಂದಕ್ಕೆ ಮುಟ್ಟಿದ್ರೆ ಸಂಬಂಧ. ಆಯಮ್ಮನ ಹೆಸರು ತೆಗೆದುಬಿಡು.”

ತೆಗೆದು ನೋಡಿದೆ. ಮೂರು ಚುಕ್ಕಿಗಳು ಮೂರು ದಿಕ್ಕಿಗೆ ಬಿದ್ದವು, ನನ್ನ ಇಡೀ ಅಧ್ಯಾಯ ಮಣ್ಣುಪಾಲಾಯಿತು. ಅದಕ್ಕಿಂತ ಹೆಚ್ಚಾಗಿ, ನನ್ನತ್ತೆ ಲೆಕ್ಕಕ್ಕೇ ಇಲ್ಲ ಅಂದರಲ್ಲ ಎಂದು ಹೊಟ್ಟೆ ಉರಿಯಿತು. ಎರಡು ವಾರ ಟೈಮ್ ಕೇಳಿಕೊಂಡು ಬಂದೆ.

“ಅತ್ತೆ, ಗುರುವಾರ ಹಿರಿಯೂರಾಗೆ ಮೀಟಿಂಗ್ ಐತಂತೆ. ಹೋಗಾಣ ನಡಿ.”

“ಅಯ್ಯೋ, ಅಷ್ಟು ಗಂಡಸರ ಮಧ್ಯೆ ನಾನೇನು ಮಾತಾಡ್ಲಿ?”

“ಗೊತ್ತಿರೋದು ಮಾತಾಡು.”

ಬಸ್ಸಿನಲ್ಲಿ ಉದ್ದಕ್ಕೂ ಸೆರಗು ಸರಿಮಾಡಿಕೊಳ್ಳುತ್ತಲೇ ಇದ್ದಳು. ತೆಂಗಿನ ಕಂಪನಿಯ ಅಧ್ಯಕ್ಷ ಶಿವಕುಮಾರಪ್ಪ ಅವಳನ್ನು ಕಂಡು ಎದ್ದೇ ನಿಂತರು. “ಬರ್ರಿ ಬರ್ರಿ, ಕುಂತ್ಕಳ್ರಿ. ನೀವ್ಯಾಕೆ ಬರಾಕೆ ಹೋದ್ರಿ, ಪುಸ್ತಕ ಕಳಿಸ್ತಿದ್ವಲ್ಲ?” ಅತ್ತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಮುದುಡಿ ಕುಳಿತಳು. ನಾನು ಹೊರಗಿನ ಬೆಂಚಿನಲ್ಲಿ, ತೆರೆದ ಕಿಟಕಿಗೆ ಕಿವಿಕೊಟ್ಟು ಕುಳಿತೆ.

ಕಾಯಿ ಸಾಗಿಸಲು ಹೊಸ ಲಗೇಜ್ ಗಾಡಿ ಕೊಳ್ಳುವುದು, ಅದೊಂದೇ ವಿಷಯ. ಎಲ್ಲರೂ ಹೂಂ ಅಂದು ಸೈನ್ ಹಾಕಿದರು. ಪುಸ್ತಕ ಅತ್ತೆಯ ಮುಂದೆ ಬಂತು. ಪೆನ್ನು ಹಿಡಿದವಳು ಸೈನ್ ಹಾಕದೆ ಅದನ್ನು ಪುಸ್ತಕದ ಮೇಲಿಟ್ಟಳು.

“ಗಾಡಿ ಯಾಕ್ರಿ ಕೊಳ್ತೀರಿ?” ಅಂದಳು. “ನಮ್ಮ ಕುರಿ ಕಂಪನಿ ಗಾಡಿ ಸಂತೆ ದಿನ ಬಿಟ್ರೆ ವಾರವೆಲ್ಲ ನಮ್ಮನೆ ಬೇವಿನ ಮರದ ಕೆಳಗೇ ನಿಂತಿರ್ತೈತೆ. ಕೋಳಿಗಳು ಅದ್ರಾಗೆ ಮೊಟ್ಟೆ ಇಡ್ತಾವೆ. ಬಾಡಿಗೆಗೆ ಕೇಳಿದ್ರೆ ಕೊಡಲ್ಲ ಅಂತಾರಾ? ಅಲ್ಲೂ ಡೈರೆಕ್ಟರ್ ನಾನೇ!”

ಗೊಳ್ಳೆಂದು ನಕ್ಕವರಲ್ಲಿ ಶಿವಕುಮಾರಪ್ಪನವರೇ ಮೊದಲು. “ಅಲ್ಲಮ್ಮ, ಇಷ್ಟು ದಿನ ಹೇಳ್ಲೇ ಇಲ್ವಲ್ಲ?”

“ನೀವು ಕೇಳ್ಲೇ ಇಲ್ವಲ್ಲ.”

ಬರೆದಿದ್ದ ಠರಾವನ್ನು ಹೊಡೆದುಹಾಕಿ, ಕುರಿ ಕಂಪನಿಯ ಗಾಡಿಯನ್ನು ಬಾಡಿಗೆಗೆ ಕೇಳುವುದೆಂದು ಬರೆದುಕೊಂಡರು. ನನಗೆ ಆ ಬೆಂಚಿನ ಮೇಲೇ ಕುಣಿಯುವಷ್ಟು ಖುಷಿ. ಕನಕರಾಜ್ ಸರ್ ಈಗ ಅದು ಹೇಗೆ ಅವಳ ಹೆಸರು ತೆಗೆಸುತ್ತಾರೋ ನೋಡೇಬಿಡುತ್ತೇನೆ!

“ಮುಂದಿನ ಮೀಟಿಂಗ್ ಹತ್ತನೇ ತಾರೀಕು ಇಡಾಣೇನಮ್ಮ?” ಎಂದು ಶಿವಕುಮಾರಪ್ಪ ಅತ್ತೆಯನ್ನೇ ಕೇಳಿದರು.

“ಹತ್ತಕ್ಕೆ ಆಗಲ್ರಿ,” ಅಂದಳು ಅತ್ತೆ. “ಅವತ್ತು ಹೊಸದುರ್ಗದಾಗೆ ಉಣ್ಣೆ ಕಂಪನಿ ಮೀಟಿಂಗ್ ಐತೆ. ನಾನು ಹೋಗ್ಬೇಕು.”