ಅಕ್ಕನ ಹೊಲದಲ್ಲಿ ನೀರಳೆಯುವ ಡಬ್ಬಿ

ಸಿ.ಎಸ್. ಪುರದ ನಮ್ಮಕ್ಕನ ಹೊಲದಲ್ಲಿ ಅಂತರ್ಜಲದ ಮಟ್ಟ ಅಳೆಯುವ ಯಂತ್ರ ಕೂತದ್ದು ನನ್ನ ಮಾತಿನಿಂದಲೇ. ಗುಬ್ಬಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಊರವರನ್ನು ಒಪ್ಪಿಸಲಿ ಎಂದು ಯಂತ್ರ ಹಾಕುವ ಯೋಜನೆಯವರು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಆರು ಬೋರ್‌ವೆಲ್ ಇದ್ದ, ಅಲ್ಲೇ ಹತ್ತಿರದ ಸಸಿ ನರ್ಸರಿಯವರು "ನಮಗ್ಬೇಡ ಬುಡಿ ಸಾರ್" ಎಂದು ಗೇಟಿನಲ್ಲೇ ಕೈಮುಗಿದರು. ಅಕ್ಕ ಏನೂ ಕೇಳದೆ ಸಹಿ ಹಾಕಿದಳು. ಮೋಟಾರು ತೆಗೆದು ಸುಮ್ಮನೆ ಬಿಟ್ಟಿದ್ದ ಅವಳ ಹಳೆಯ ಬೋರಿಗೆ ತಂತಿ ಇಳಿಬಿಟ್ಟು ಮೇಲೊಂದು ಡಬ್ಬಿ ಕೂರಿಸಿದರು. ನೀರೆಷ್ಟು ಆಳದಲ್ಲಿದೆ ಎಂಬುದು ಯಾರ ಫೋನಿನಲ್ಲಿ ಬೇಕಾದರೂ ಕಾಣುತ್ತಿತ್ತು. ನಾನು ಅದನ್ನು ತರಗತಿಯಲ್ಲಿ ತೋರಿಸಿ ಬೀಗಿದ್ದೂ ಉಂಟು.

ಮರುವರ್ಷ ಪಕ್ಕದ ಹೊಲದ ಹೆಂಗಸು ಬೋರ್ ಕೊರೆಸಲು ಅರ್ಜಿ ಹಾಕಿದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಕನಕಾಂಬರ ಬೆಳೆಯುತ್ತಿದ್ದವರು. ಪಕ್ಕದ ಹೊಲದ ಡಬ್ಬಿಯಲ್ಲೇ ನೀರು ಕೆಳಗಿಳಿದಿದೆ, ಅನುಮತಿ ಇಲ್ಲ ಎಂದರಂತೆ ಅಂತರ್ಜಲ ಕಚೇರಿಯಲ್ಲಿ. ಅವತ್ತಿನಿಂದ ಅವರು ಅಕ್ಕನ ಜೊತೆ ಮಾತು ಬಿಟ್ಟರು.

ಅಕ್ಕ ಫೋನ್ ಮಾಡಿದಳು. "ಒಳ್ಳೇದಕ್ಕೆ ಅಂದಿದ್ಯಲ್ಲೋ. ಯಾರ ಒಳ್ಳೇದಕ್ಕೆ ಅಂತ ನಾನೂ ಕೇಳ್ಲಿಲ್ಲ, ನೀನೂ ಹೇಳ್ಲಿಲ್ಲ."

ಭಾನುವಾರ ಹೋದೆ. ಹೂ ಬಿಡಿಸುತ್ತಿದ್ದ ಆ ಹೆಂಗಸು ತಲೆ ಎತ್ತದೆಯೇ ಕೇಳಿದರು: "ನರ್ಸರಿಲಿ ಆರು ಮೋಟ್ರು ಓಡ್ತಾವಲ್ಲ ಮೇಷ್ಟ್ರೇ, ಅದ್ಯಾಕೆ ಯಾರ ಫೋನಲ್ಲೂ ಕಾಣಕಿಲ್ಲ?"

ಭೂಮಿಯೊಳಗಿನ ನೀರಿಗೆ ಬದು ಇಲ್ಲ, ಇನ್ನೊಂದು ಬೋರ್ ಬಿದ್ದರೆ ಮಟ್ಟ ಇನ್ನೂ ಇಳಿಯುತ್ತದೆ ಎಂದು ವಿವರಿಸಲು ಹೊರಟೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಅದು ಅವರು ಕೇಳಿದ್ದಕ್ಕೆ ಉತ್ತರವಲ್ಲ ಎನಿಸಿ ಅರ್ಧಕ್ಕೇ ನಿಲ್ಲಿಸಿದೆ.

ತುಮಕೂರಿಗೆ ಹೋಗಿ ಯೋಜನೆಯ ಎಂಜಿನಿಯರನ್ನು ಕಂಡೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. "ಒಪ್ಪಿದವರ ಹೊಲದಲ್ಲಿ ಮಾತ್ರ ಹಾಕ್ಬೋದು ಸರ್. ನರ್ಸರಿಯೋರಿಗೆ ಬಲವಂತ ಮಾಡೋದು ಸರೀನಾ, ನೀವೇ ಹೇಳಿ?"

ಒಪ್ಪಿದ ಅಕ್ಕನಿಗೆ ನಿಷ್ಠುರ, ಯಾರೂ ಒಪ್ಪಿಗೆ ಕೇಳದ ಆ ಹೆಂಗಸಿಗೆ ನಷ್ಟ, ಒಲ್ಲೆ ಎಂದವರು ನಿರಾಳ. ಇದರಲ್ಲಿ ತಪ್ಪು ಯಾರದೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ.

"ಡಬ್ಬಿ ತೆಗೆಸಿಬಿಡೋಣ್ವೇನಕ್ಕ?" ಎಂದೆ, ಅಕ್ಕನ ಮನೆಗೆ ಹೋಗಿ.

"ತೆಗೆಸುದ್ರೆ ನೀರೇನು ಮೇಲ್ ಬಂದ್ಬುಡ್ತದಾ?" ಎಂದಳು. ನನ್ನನ್ನು ಕೇಳದೆಯೇ ಅವಳು ತನ್ನ ಓಡುವ ಬೋರಿನಿಂದ ಪಕ್ಕದ ಹೊಲಕ್ಕೆ ಪೈಪು ಎಳೆಸಿದಳು. ಈಗ ಬೆಳಿಗ್ಗೆ ಒಂದು ಗಂಟೆ ನೀರು ಬಿಡುತ್ತಾಳೆ. ಆ ಹೆಂಗಸು ನೀರು ಹಾಯಿಸಿಕೊಳ್ಳುತ್ತಾರೆ. ಮಾತು ಮಾತ್ರ ಇನ್ನೂ ಎಷ್ಟು ಬೇಕೋ ಅಷ್ಟೇ. ಡಬ್ಬಿಯ ಲೆಕ್ಕದಲ್ಲಿ ಮಟ್ಟ ಮತ್ತೂ ಇಳಿದಿದೆ. ಅಕ್ಕನ ಪೈಪಿನಿಂದಲೋ ನರ್ಸರಿಯ ಮೋಟಾರುಗಳಿಂದಲೋ, ವಿಜ್ಞಾನ ಹೇಳಿಕೊಡುವ ನನಗೂ ಗೊತ್ತಾಗುತ್ತಿಲ್ಲ.

ಕಳೆದ ವಾರ ಎಂಜಿನಿಯರ್ ಫೋನ್ ಮಾಡಿದ್ದರು. ಕೋರ ಹೋಬಳಿಯ ಕಡೆಯ ರೈತರನ್ನು ಒಪ್ಪಿಸಬೇಕಂತೆ, ನಾನು ಬಂದು ನಾಲ್ಕು ಮಾತಾಡಬೇಕಂತೆ. ಬರುತ್ತೇನೆ ಎಂದುಬಿಟ್ಟೆ. ಸಹಿ ಹಾಕುವ ಮುಂಚೆ ಅವರಿಗೆ ಏನು ಹೇಳಬೇಕು ಎಂಬುದೇ ತಿಳಿಯದೆ ಕೂತಿದ್ದೇನೆ.